ಕುತ್ತಿಗೆ ಸೀಳಿದ ಪೈಪು

ಅಕ್ಬರಸಾಬರು ಪೈಪನ್ನು ತಲೆಕೆಳಗಾಗಿ ಹಿಡಿದರು. ಯಾರೂ ಎಳೆಯಲಿಲ್ಲ, ಯಾರೂ ಅಲುಗಿಸಲಿಲ್ಲ. ಬಾಯಿಗಿಡುವ ಕರಿಯ ಕೊಳವೆ ತಾನಾಗಿಯೇ ಜಾರಿ ಮೇಜಿನ ಮೇಲೆ ಟಕ್ಕೆಂದು ಬಿತ್ತು.

“ಇದು ನಿಮ್ಮಪ್ಪನ ಕೊಳವಿ ಅಲ್ಲ, ಯವ್ವಾ,” ಎಂದರು.

“ಏನಂದ್ರಿ ಚಾಚಾ?”

“ತಂಬಾಕ ತುಂಬೂ ಬಟ್ಟಲಾ ಅವರದ ಐತಿ. ಕೊಳವಿ ಬ್ಯಾರೇದು.”

ನರಗುಂದದ ಆ ಲೇತ್ ಅಂಗಡಿಯಲ್ಲಿ ಎಣ್ಣೆಯ, ಕಬ್ಬಿಣದ ಪುಡಿಯ ವಾಸನೆ ತುಂಬಿತ್ತು. ಸುಧಾರಾಣಿ ಸ್ಟೂಲಿನ ಅಂಚಿಗೆ ಸರಿದು ಕೂತಳು. ಅವಳು ಬಂದದ್ದು ಒಂದು ಸಣ್ಣ ಕೆಲಸಕ್ಕೆ. ತಂದೆ ಹನಮಂತಪ್ಪ ಗಜೇಂದ್ರಗಡದ ಗುಡ್ಡದ ಹಳೆಯ ಕಲ್ಲುಕ್ವಾರಿಯಲ್ಲಿ ಹೆಣವಾಗಿ ಸಿಕ್ಕು ತಿಂಗಳಾಗಿತ್ತು. ಕಾಲು ಜಾರಿ ಬಿದ್ದದ್ದೆಂದು ಪೊಲೀಸರು ಮುಗಿಸಿದ್ದರು. ನಂಬದೆ ಉಳಿದವಳು ಅವಳೊಬ್ಬಳೇ. ಅಪ್ಪನ ಅಂಗಿಯ ಕಿಸೆಯಲ್ಲಿ ಸಿಕ್ಕಿದ್ದ ಪೈಪನ್ನು ಅವರ ಫೋಟೋದ ಮುಂದೆ ಇಟ್ಟರೆ ಕೊಳವೆ ಪ್ರತಿ ಸಲವೂ ಕಳಚಿ ಉರುಳುತ್ತಿತ್ತು. ಬಿಗಿ ಮಾಡಿಸಿಕೊಂಡು ಹೋಗೋಣವೆಂದು ಬಂದಿದ್ದಳು, ಅಷ್ಟೇ.

“ಸಡ್ಲ ಆಗಿರಬೇಕ್ರಿ. ಪೈಪ ಬಿಸಿ ಇದ್ದಾಗ ಕೊಳವಿ ಬಿಚ್ಚಿದ್ರ ಸಡ್ಲ ಆಕ್ಕತಿ ಅಂತ ಅಪ್ಪನ ಹೇಳ್ತಿದ್ದ.”

“ಆಕ್ಕತಿ. ಆದ್ರ ಹಿಂಗ ಆಗೂದಿಲ್ಲ.” ಅಕ್ಬರಸಾಬರು ಕೊಳವೆಯ ತುದಿಯನ್ನು ಬೆಳಕಿಗೆ ಹಿಡಿದರು. ಪೈಪಿನ ಕುತ್ತಿಗೆಯೊಳಗೆ ಕೂರುವ ತುದಿ ಅದು. “ಹ್ವಾದ ವರ್ಷ ನಿಮ್ಮಪ್ಪನ ಕೊಳವಿ ನಾನ ಬಿಗಿ ಮಾಡಿ ಕೊಟ್ಟೀನಿ. ತುದಿ ಕಾಸಿ, ಹಿಗ್ಗಿಸಿ, ಇಲ್ಲೇ ಕೂಡ್ಸಿ ನೋಡಿ ಕೊಟ್ಟೀನಿ. ಅದು ದಪ್ಪ ಇತ್ತು. ಇದರ ತುದಿ ಯಾರೂ ಕಾಸಿಲ್ಲ. ಸಣ್ಣ ಐತಿ ನೋಡು, ಹೊಸಾದಾಗ ಹ್ಯಾಂಗಿತ್ತೋ ಹಂಗ.”

“ಮತ್ತ ಇದು ಯಾರದು?”

ಅವರು ಉತ್ತರ ಕೊಡುವ ಮೊದಲು ಬಾಗಿಲ ಕಡೆ ನೋಡಿದರು.

ಉತ್ತರ ಬೇಕಿರಲಿಲ್ಲ, ಅವಳಿಗೇ ಗೊತ್ತಿತ್ತು. ಇಂಥ ಪೈಪು ಈ ಸೀಮೆಯಲ್ಲಿ ಇದ್ದದ್ದು ಎರಡೇ. ಅವಳು ಚಿಕ್ಕವಳಿದ್ದಾಗ ಕೈಮಗ್ಗದ ಸೀರೆ ನೋಡಲು ಹೊರದೇಶದಿಂದ ಒಬ್ಬ ಸಾಹೇಬರು ಬಂದಿದ್ದರು. ವಾರಗಟ್ಟಲೆ ಅಪ್ಪನ ಮಗ್ಗದ ಮುಂದೆ ಕೂತಿದ್ದರು. ಹೋಗುವಾಗ ಒಂದೇ ನಮೂನೆಯ ಎರಡು ಪೈಪು ಕೊಟ್ಟು ಹೋದರು. ಒಂದು ಮಗ್ಗದ ಹನಮಂತಪ್ಪನಿಗೆ, ಇನ್ನೊಂದು ಅವರನ್ನು ಅಲ್ಲಿಗೆ ಕರೆತಂದ ಅಪ್ಪನ ಗೆಳೆಯ, ರೋಣದ ದಲಾಲಿ ಅಂಗಡಿಯ ಗುರುಸಂಗಪ್ಪನಿಗೆ.

“ಇನ್ನೊಂದ ಮಾತ ಕೇಳು,” ಅಕ್ಬರಸಾಬರ ದನಿ ಇಳಿಯಿತು. “ನಿಮ್ಮಪ್ಪನ ದಪ್ಪ ಕೊಳವಿ ಆ ಇನ್ನೊಂದ ಪೈಪಿಗೆ ಹೋಗಿದ್ರ, ಅದು ಅಲ್ಲಿ ಬಿಗಿ ಆಗಿರಬೇಕು. ಅವಸರದಾಗ ತುರುಕಿದ್ರ ಪೈಪಿನ ಕುತ್ತಿಗಿ ಸೀಳತೈತಿ. ಕಟ್ಟಿಗಿ ಅಲ್ಲೇನು? ಯಾರದೋ ಹತ್ರ ಕುತ್ತಿಗಿ ಸೀಳಿದ ಪೈಪ ಐತಿ. ಗಟ್ಟಿ ಎಳಿ ಸುತ್ತಿ, ಅಂಟ ಹಚ್ಚಿ ಇಟ್ಕೊಂಡಿದ್ರೂ ಇಟ್ಕೊಂಡಿರಬಹುದು.”

ಆದರೂ ಸುಧಾರಾಣಿ, “ಇದನ್ನ ಬಿಗಿ ಮಾಡಿ ಕೊಡ್ರಿ,” ಎಂದಳು.

“ನಾ ಮುಟ್ಟೂದಿಲ್ಲ!” ಅವರು ಎರಡೂ ತುಂಡುಗಳನ್ನು ಅವಳ ಕಡೆ ಸರಿಸಿದರು. “ಬಿಗಿ ಮಾಡಬೇಕಂದ್ರ ತುದಿ ಹಿಗ್ಗಿಸಬೇಕು. ಹಿಗ್ಗಿಸಿದ್ರ ಎಲ್ಲಾ ಅಳಿಸಿ ಹೊಕ್ಕೈತಿ. ಆಮ್ಯಾಲ ಇದು ಬ್ಯಾರೇದು ಅಂತ ಯಾರಿಗೆ ಹ್ಯಾಂಗ ತೋರಸ್ತಿ? ಹಿಂಗ ಇರಲಿ. ಯಾರ ಕೈಯಾಗೂ ಕೊಡಬ್ಯಾಡ. ಮತ್ತ... ನನ್ನ ಹೆಸರ ಎಲ್ಲೂ ತರಬ್ಯಾಡ ಯವ್ವಾ. ನಾ ಮಕ್ಕಳು ಮರಿ ಇದ್ದಾಂವ.”

ಅಪ್ಪನಿಗೆ ಅಷ್ಟು ಬೇಕಾದ ಮನುಷ್ಯ ಹೀಗೆ ಹೆದರಿದ್ದು ಕಂಡು ಅವಳಿಗೆ ಇನ್ನೂ ಹೆದರಿಕೆಯಾಯಿತು.

ಹೊರಗೆ ಬೇವಿನ ಮರದ ನೆರಳಲ್ಲಿ ಕಾರು ನಿಂತಿತ್ತು. ಗಂಡ ಗುರುಪಾದ ಮಗಳು ಚಿನ್ನುವನ್ನು ಬಾನೆಟ್ ಮೇಲೆ ಕೂರಿಸಿ ಗಿರ್ಮಿಟ್ ತಿನ್ನಿಸುತ್ತಿದ್ದ. ಐದು ವರ್ಷದ ಹುಡುಗಿ ಖಾರಕ್ಕೆ ಸ್ಸ್ ಸ್ಸ್ ಎನ್ನುತ್ತಲೇ ಮತ್ತೆ ಬಾಯಿ ತೆರೆಯುತ್ತಿದ್ದಳು.

“ಏನಂದಾ ಅಕ್ಬರಸಾಬ? ರಿಪೇರಿ ಆತೇನು?”

“ಇಲ್ರಿ. ಆಗೂದಿಲ್ಲಂತ.”

ಗಂಡನಿಗೆ ಸುಳ್ಳು ಹೇಳಿ ಅವಳಿಗೆ ರೂಢಿಯಿರಲಿಲ್ಲ. ಆದರೆ ಗುರುಸಂಗಪ್ಪನ ಹೆಸರೆತ್ತಿದರೆ ಅವನು ತಡೆಯುತ್ತಾನೆಂದು ಗೊತ್ತಿತ್ತು. ಸೀರೆ ವ್ಯಾಪಾರಕ್ಕೆ ಇಳಿಯುವ ಮುಂಚೆ ಗುರುಪಾದ ಅದೇ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು. ಇವರಿಬ್ಬರ ಮದುವೆ ಕೂಡಿಸಿದವರೂ ಅದೇ ಗುರುಸಂಗಪ್ಪ. ಸಾಹುಕಾರರ ಮಾತೆಂದರೆ ಅವನಿಗೆ ವೇದವಾಕ್ಯ.

“ರೋಣದ ಮ್ಯಾಲೆ ಹೋಗೂಣ್ರಿ,” ಎಂದು ಗುರುಸಂಗಪ್ಪನ ಹೆಂಡತಿಯ ನೆಪ ತೆಗೆದಳು. “ಶೇಖವ್ವ ಕಾಕೂಗ ಮೊಣಕಾಲ ಭಾಳ ನೋಯಾಕತ್ತಾವಂತ. ಮಾತಾಡ್ಸಿ ಹೋದ್ರ ಆತು.”

ಗುರುಪಾದ ಚಿನ್ನುವಿನ ಬಾಯಿ ಒರೆಸಿದ.

“ಇವತ್ತ ಯಾಕ? ಹೊತ್ತಾಗತೈತಿ.”

“ದಾರ್ಯಾಗ ಐತೆಲ್ರಿ.”

“ಆತ ನಡಿ,” ಎಂದು ಬಾಗಿಲು ತೆರೆದ.

ಕಾರು ಬೆಳವಣಕಿ ಊರು ದಾಟಿತು. ಎರಡೂ ಕಡೆ ಕರಿಯ ಎರೆಹೊಲ, ನಡುನಡುವೆ ರಾಶಿ ಮಾಡಿದ ಹೆಸರುಕಾಳು. ಮಡಿಲಲ್ಲಿದ್ದ ಚೀಲದೊಳಗೆ ಕೈ ಹಾಕಿ ಅವಳು ಪೈಪನ್ನು ಹಿಡಿದೇ ಇದ್ದಳು. ಕೈ ಬಿಟ್ಟರೆ ಅದು ಬಾಯಿ ತೆರೆದು ಮಾತಾಡಿಬಿಡುತ್ತದೆ ಎನ್ನುವಂತೆ.

ಎರಡು ಪೈಪುಗಳ ಕೊಳವೆ ಅದಲುಬದಲಾಗುವುದು ಹೇಗೆ? ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಬಿಚ್ಚಿಟ್ಟಿರಬೇಕು. ಅಪ್ಪ ಪೈಪು ಸೇದಿ ಮುಗಿಸಿದ ಮೇಲೆ ಅದು ತಣ್ಣಗಾಗುವವರೆಗೆ ಕಾಯುತ್ತಿದ್ದ. ಆಮೇಲೆ ಕೊಳವೆ ಬಿಚ್ಚಿ, ತಂತಿಗೆ ಬಟ್ಟೆ ಸುತ್ತಿ ಒರೆಸಿ, ಪಕ್ಕದಲ್ಲಿ ಇಡುತ್ತಿದ್ದ. ಅಂದರೆ ಗುಡ್ಡದ ಮೇಲೆ ಇಬ್ಬರು ಎದುರುಬದುರು ಕೂತಿದ್ದರು. ಸಮಾಧಾನದಿಂದ ಸೇದಿದ್ದರು, ಬಿಚ್ಚಿದ್ದರು, ಒರೆಸಿದ್ದರು. ಆಮೇಲೆ ಒಬ್ಬ ಕೆಳಗೆ ಹೋದ. ಇನ್ನೊಬ್ಬ ಅವಸರದಲ್ಲಿ ಎರಡೂ ಪೈಪು ಜೋಡಿಸಿದ. ಒಂದನ್ನು ಕ್ವಾರಿಗೆ ಇಳಿದು ಹೆಣದ ಕಿಸೆಗಿಟ್ಟ. ಇನ್ನೊಂದನ್ನು ಮನೆಗೊಯ್ದ.

ಹೆಣದ ಕಿಸೆಗೆ. ಅಪ್ಪನ ಎದೆ ಇನ್ನೂ ಬಿಸಿ ಇದ್ದಿರಬೇಕು.

ಮಣ್ಣು ಕೊಡುವ ದಿನ ಗುರುಸಂಗಪ್ಪ ಬಂದಿದ್ದರು. ಹೆಣದ ಪಾದ ಹಿಡಿದು, ‘ಒಂದೂವರಿ ವರ್ಷ ಆತಲ್ಲೋ ಹಣಮಾ, ನಿನ್ನ ಮಾರಿ ನೋಡಿ’ ಎಂದು ಊರವರೆದುರು ಅತ್ತಿದ್ದರು. ಇಬ್ಬರೂ ಜಗಳಾಡಿ ಮಾತು ಬಿಟ್ಟದ್ದು ಎಲ್ಲರಿಗೂ ಗೊತ್ತಿತ್ತು. ಯಾಕೆ ಬಿಟ್ಟರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಒಂದೂವರೆ ವರ್ಷ ಮುಖ ನೋಡದವರ ಕೊಳವೆ ಅಪ್ಪನ ಪೈಪಿಗೆ ಬಂದದ್ದು ಹೇಗೆ? ಹೆಣದ ಪಾದ ಮುಟ್ಟಿ ಸುಳ್ಳು ಹೇಳುವ ಮನುಷ್ಯ ಇನ್ನೇನು ಮಾಡಲಾರ?

“ಯಾಕ, ಹಿಂಗ ಬೆವರಾಕತ್ತೀದಿ?” ಗುರುಪಾದ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ. ನೀರಿನ ಬಾಟಲಿ ಹಿಂದಕ್ಕೆ ಚಾಚಿದ. “ಕುಡಿ. ಮಾರಿ ಬಿಳಿಚೇತಿ.”

ಅವಳು ಕುಡಿದಳು. ಈ ಮನುಷ್ಯನಿಗೆ ಎಲ್ಲ ಹೇಳಿಬಿಡಲೇ ಎನ್ನಿಸಿತು. ಮೊದಲು ಆ ಕುತ್ತಿಗೆಯನ್ನು ಕಣ್ಣಾರೆ ನೋಡೋಣ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ರೋಣದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹೆಸರಿನ ಚೀಲ ತುಂಬಿದ ಲಾರಿಗಳು ನಿಂತಿದ್ದವು. ಗುರುಪಾದ ದೊಡ್ಡ ಬಾಗಿಲಿನೆದುರು ಕಾರು ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಚಿನ್ನು ಅವ್ವನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

“ಎಬ್ಬಿಸಬ್ಯಾಡ. ನಾ ಇಲ್ಲೇ ಇರತೇನಿ, ನೀ ಹೋಗಿ ಬಾ,” ಎಂದ.

ಅವಳಿಗೆ ಹಾಯೆನಿಸಿತು. ಮಗಳ ತಲೆಯ ಕೆಳಗೆ ತೊಡೆಯ ಬದಲು ಟವೆಲ್ಲು ಮಡಿಸಿಟ್ಟು ಇಳಿದಳು.

ಗುರುಸಂಗಪ್ಪ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಗಾದಿಯ ಮೇಲೆ ಲೋಡಿಗೆ ಒರಗಿ ಕೂತಿದ್ದರು. ಎಪ್ಪತ್ತು ದಾಟಿದ ಭಾರೀ ಆಳು, ಬಿಳಿಯ ಧೋತರ, ದಪ್ಪ ಕನ್ನಡಕ. ಗೋಡೆಯ ಗುಂಟ ಮಾದರಿಗೆ ತಂದ ಕಾಳಿನ ಚೀಲಗಳು. ಅವುಗಳ ಮೇಲೆ ಮೊಳೆಗೆ ತೂಗುಹಾಕಿದ್ದ, ಚೀಲ ಹೊಲಿಯುವ ದಬ್ಬಣಗಳ ಗೊಂಚಲು.

“ಬಾ ಯವ್ವಾ ಸುಧಾ. ಒಬ್ಬಾಕಿನ ಬಂದೇನು?”

“ಅವರು ಹೊರಗ ಕಾರಿನ್ಯಾಗ ಅದಾರ್ರಿ ಕಾಕಾ. ಚಿನ್ನು ಮಲಗ್ಯಾಳ.”

ಬಾಗಿಲಲ್ಲಿ ಅವರ ಹೆಂಡತಿ ಶೇಖವ್ವ ಗೋಡೆ ಹಿಡಿದು ನಿಂತಿದ್ದರು. “ಅಯ್ಯ, ಹೊರಗ ಯಾಕ ಕುಂತಾರ? ಕೂಡು, ಚಾ ಇಡತೇನಿ,” ಎಂದು ಕಾಲೆಳೆಯುತ್ತ ಒಳಗೆ ಹೋದರು.

ದಾರಿಯುದ್ದಕ್ಕೂ ಉರು ಹೊಡೆದ ಮಾತನ್ನು ಸುಧಾರಾಣಿ ಪೈಪನ್ನು ಚೀಲದಿಂದ ತೆಗೆದು ಒಂದೇ ಉಸಿರಿಗೆ ಹೇಳಿದಳು. “ಕಾಕಾ, ಅಪ್ಪನ ಪೈಪಿನ ಕೊಳವಿ ನಿಲ್ಲವಲ್ದು. ನಿಮ್ಮದೂ ಇಂಥಾದ ಐತೆಲ್ರಿ? ಅದನ್ನೊಂಚೂರ ತೋರಸ್ರಿ. ಹ್ಯಾಂಗ ಕೂಡತೈತಿ ನೋಡ್ತೇನಿ.”

ಗುರುಸಂಗಪ್ಪ ಅವಳ ಕೈಯಲ್ಲಿದ್ದ ಪೈಪನ್ನೇ ನೋಡಿದರು. ಆಮೇಲೆ ಕೈ ಚಾಚಿದರು.

ಕೊಡಬಾರದೆಂದು ಅವಳಿಗೆ ಗೊತ್ತಿತ್ತು. ಆದರೆ ಹಿರಿಯರು ಕೈ ಚಾಚಿದರೆ ಕೊಟ್ಟೇ ಬೆಳೆದ ಕೈ ಅದು. ಮನಸ್ಸು ತಡೆಯುವ ಮುಂಚೆಯೇ ಕೊಟ್ಟಿತ್ತು.

ಅವರು ಪೈಪನ್ನು ಬಗ್ಗಿಸಿದರು. ಕೊಳವೆ ಮಡಿಲಿಗೆ ಬಿತ್ತು.

“ಇಷ್ಟಕ್ಕ ಯಾಕ ಚಿಂತಿ ಮಾಡ್ತಿ? ನಾ ಮಾಡಿ ಕೊಡ್ತೇನಿ ತಡಿ.”

“ಬ್ಯಾಡ್ರಿ ಕಾಕಾ!”

“ಯಾಕ ಬ್ಯಾಡ? ಇಂಥಾ ಕೆಲಸ ನನಗೇನ ಹೊಸಾದಲ್ಲ.”

ಅವರು ಮೊಣಕಾಲಿಗೆ ಕೈಯೂರಿ ಎದ್ದರು. ಮೊದಲು ಫ್ಯಾನು ಆರಿಸಿದರು. ಆಮೇಲೆ ಓಣಿಯ ಕಡೆಯ ಕಿಟಕಿ ಮುಚ್ಚಿದರು. ಆಮೇಲೆ ಹೋಗಿ ಕೋಣೆಯ ಬಾಗಿಲನ್ನೂ ಮುಂದಕ್ಕೆ ಹಾಕಿದರು.

“ಗಾಳಿ ಇದ್ರ ಉರಿ ನಿಲ್ಲೂದಿಲ್ಲ,” ಎಂದರು.

ಲಾರಿಗಳ ಸದ್ದು ನಿಂತುಹೋಯಿತು. ಅರೆಗತ್ತಲೆಯಲ್ಲಿ ಕಡ್ಡಿ ಗೀರಿದ ಸದ್ದು. ಮೇಣಬತ್ತಿಯ ಬೆಳಕು ಕೆಳಗಿನಿಂದ ಅವರ ಮುಖಕ್ಕೆ ಬಿದ್ದಾಗ, ಚಿಕ್ಕಂದಿನಲ್ಲಿ ಜಾತ್ರೆಪೇಟೆಯಿಂದ ಕೊಬ್ಬರಿ ಬೆಲ್ಲ ತಂದುಕೊಡುತ್ತಿದ್ದ ಆ ಮುಖ ಅವಳಿಗೆ ಗುರುತೇ ಸಿಗಲಿಲ್ಲ.

ಗುರುಸಂಗಪ್ಪ ಗೋಡೆಯ ಗೊಂಚಲಿನಿಂದ ಒಂದು ದಬ್ಬಣ ಆರಿಸಿದರು. ಗೇಣುದ್ದದ ಉಕ್ಕು. ಮೊನೆ ಸಣ್ಣ, ಹಿಂದೆ ಹಿಂದೆ ಹೋದಂತೆ ದಪ್ಪ. ಅದನ್ನು ಧೋತರದ ಅಂಚಿಗೆ ಒರೆಸಿ ತೊಡೆಯ ಪಕ್ಕ ಇಟ್ಟುಕೊಂಡರು. ಕೊಳವೆಯ ತುದಿಯನ್ನು ಉರಿಗೆ ತಾಗಿಸದೆ, ಸ್ವಲ್ಪ ಮೇಲೆ ಹಿಡಿದು, ಎರಡು ಬೆರಳಲ್ಲಿ ತಿರುಗಿಸತೊಡಗಿದರು.

“ಗಟ್ಟಿ ರಬ್ಬರ ಇದು. ಉರಿ ಮುಟ್ಟಿತಂದ್ರ ಕೆಟ್ಟಂಗ. ದೂರ ಇಟ್ಟ ನಿಧಾನ ಕಾಸಬೇಕು. ಅವಸರ ಮಾಡಿದಾಂವ ಕೆಡಿಸ್ಕೊಂಡ.” ಅವರು ತಲೆಯೆತ್ತಿದರು. “ಹೌದಿಲ್ಲೋ?”

“ಹೌ... ಹೌದ್ರಿ.”

ಇವರಿಗೆ ಗೊತ್ತಾಗಿದೆ. ಅದಕ್ಕೇ ತಮ್ಮ ಪೈಪು ತೋರಿಸದೆ ಇದನ್ನು ಕಸಿದುಕೊಂಡರು. ನನ್ನ ಕಣ್ಣೆದುರೇ, ನನ್ನ ಕೈಯಿಂದಲೇ ಇಸಿದುಕೊಂಡು, ಇದ್ದೊಂದು ಸಾಕ್ಷಿಯನ್ನು ಅಳಿಸುತ್ತಿದ್ದಾರೆ. ಕೂಗಿದರೆ ಗುರುಪಾದನಿಗೆ ಕೇಳೀತೇ? ಕಿಟಕಿ ಮುಚ್ಚಿದೆ. ಎದ್ದು ಓಡಿದರೆ? ಬಾಗಿಲಿಗೂ ಅವಳಿಗೂ ನಡುವೆ ಅವರು ಕೂತಿದ್ದರು, ತೊಡೆಯ ಪಕ್ಕ ಆ ದಬ್ಬಣ.

ರಬ್ಬರು ಬಿಸಿಯಾದ ಕಮಟು ವಾಸನೆ ಎದ್ದಿತು. ಅವರು ದಬ್ಬಣದ ಮೊನೆಯನ್ನು ಕೊಳವೆಯ ತೂತಿಗೆ ಇಟ್ಟು, ಉಸಿರು ಬಿಗಿಹಿಡಿದು ಒತ್ತಿದರು. ಇಷ್ಟಿಷ್ಟೇ. ಒಂದು ಸಲ ಒತ್ತಿ, ಮತ್ತೆ ಕಾಸಿ, ಮತ್ತೆ ಒತ್ತಿ. ತುದಿ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹಿಗ್ಗಿತು. ತಂಬಿಗೆಯ ನೀರಿನಲ್ಲಿ ಅದ್ದಿದರು. ದಬ್ಬಣ ಹೊರಗೆಳೆದು, ತುದಿಗೆ ಪೆನ್ಸಿಲಿನ ಸೀಸ ತಿಕ್ಕಿ, ಕೊಳವೆಯನ್ನು ಪೈಪಿನ ಕುತ್ತಿಗೆಗೆ ಇಟ್ಟು ತಿರುವಿದರು. ‘ಕಿರ್’ ಎಂದು ಸಣ್ಣ ಸದ್ದು ಮಾಡಿ ಅದು ಕೂತಿತು.

ತಲೆಕೆಳಗು ಮಾಡಿ ಅಲುಗಿಸಿದರು. ಕೊಳವೆ ಬೀಳಲಿಲ್ಲ.

“ತಗೋ. ಇನ್ನ ನಿಮ್ಮಪ್ಪನ ಕಾಲದಾಗ ಇದ್ದಂಗ ಆತು.”

ಅಪ್ಪನ ಹೆಸರು ಆ ಬಾಯಲ್ಲಿ ಬಂದದ್ದೇ, ಸುಧಾರಾಣಿಯ ಎದೆಯೊಳಗೆ ಏನೋ ಹರಿಯಿತು. ಅವಳು ಎದ್ದು ನಿಂತಿದ್ದಳು. ಯಾವಾಗ ನಿಂತಳೋ ಅವಳಿಗೇ ತಿಳಿಯಲಿಲ್ಲ.

“ನಿಮ್ಮ ಪೈಪ ಎಲ್ಲೈತಿ, ಕಾಕಾ?”

“ಯಾಕ?”

“ತೋರಸ್ರಿ ನನಗ. ಅದರ ಕುತ್ತಿಗಿ ಸೀಳೇತಿಲ್ಲೋ ನೋಡಬೇಕು ನಾ.”

“ಏನ ಮಾತಾಡ್ತಿಯವಾ?”

“ಅಪ್ಪನ ಪೈಪಿಗೆ ಬ್ಯಾರೇ ಕೊಳವಿ ಇತ್ರಿ! ಅದಕ್ಕ ಸಡ್ಲ ಇತ್ತು. ಅಪ್ಪನ ಕೊಳವಿ ಆ ಇನ್ನೊಂದ ಪೈಪಿನ್ಯಾಗ ಐತಿ. ಗುಡ್ಡದ ಮ್ಯಾಲೆ ಇಬ್ರೂ ಕುಂತ ಪೈಪ ಒರಿಸೀರಿ. ಆಮ್ಯಾಲ ಅಪ್ಪನ್ನ...” ಅವಳು ಪೈಪಿನ ಕಡೆ ಬೆರಳು ತೋರಿಸಿದಳು. “ಅವಸರದಾಗ ಅದಲಬದಲ ಜೋಡಿಸೀರಿ. ಈಗ ಅದನ್ನೂ ಕಾಸಿ ಅಳಿಸಿದ್ರಿ, ನನ್ನ ಮುಂದ ಕುಂತು!”

ದಬ್ಬಣ ಹಿಡಿದ ಗುರುಸಂಗಪ್ಪನವರ ಕೈ ಹಾಗೇ ನಿಂತಿತ್ತು. ಮೇಣಬತ್ತಿಯ ಉರಿ ಒಮ್ಮೆ ಹೊಯ್ದಾಡಿ ನಿಂತಿತು.

ಅವರು ಕನ್ನಡಕ ಹಣೆಗೇರಿಸಿ ಕೊಳವೆಯನ್ನು ಕಣ್ಣಿಗೆ ಹತ್ತಿರ ತಂದರು. ಬಾಯಿಗಿಡುವ ತುದಿಯ ಕೆಳಗಡೆ ಹೆಬ್ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. 

ಆಮೇಲೆ ಅವರು ಮಾಡಿದ್ದನ್ನು ನೋಡಿ ಸುಧಾರಾಣಿಯ ರೋಮ ನೆಟ್ಟಗಾದವು. ಸತ್ತವನ ಕಿಸೆಯಿಂದ ಬಂದ ಆ ಪೈಪನ್ನು ಬಾಯಿಗಿಟ್ಟು, ಮೆಲ್ಲಗೆ ಕಚ್ಚಿದರು. ಎಡಗಡೆ ಕೆಳಗೆ ಅವರಿಗೆ ಉಳಿದಿದ್ದದ್ದು ಒಂದೇ ಹಲ್ಲು. ಆ ಹಲ್ಲು ಕೊಳವೆಯ ಮೇಲಿನ ಹಳೆಯ ಗುಣಿಯಲ್ಲಿ, ಬೀಗದಲ್ಲಿ ಕೀಲಿಕೈ ಕೂತ ಹಾಗೆ, ಸರಿಯಾಗಿ ಹೋಗಿ ಕೂತಿತು.

“ನಿಮ್ದ ಇದು!” ಅವಳು ಚೀರಿದಳು.

“ಹೌದು,” ಎಂದರು ಅವರು. “ನಂದ.”

ದಬ್ಬಣ ಅವರ ಕೈಯಿಂದ ಜಾರಿ ನೆಲದ ಮೇಲೆ ಉರುಳಿತು. ಅದನ್ನು ಅವರು ಎತ್ತಿಕೊಳ್ಳಲಿಲ್ಲ. ಅವಳು ಬಾಗಿಲ ಕಡೆ ಹೆಜ್ಜೆಯಿಟ್ಟವಳು ಹಾಗೇ ನಿಂತಳು. ಸಿಕ್ಕಿಬಿದ್ದ ಮನುಷ್ಯನ ಮುಖ ಅದಾಗಿರಲಿಲ್ಲ. ಆ ಭಾರೀ ಆಳು ಎಳೆಯ ಕೂಸಿನಂತೆ ಹೆದರಿತ್ತು.

“ಹೆಣದ ಕಾಲ ಹಿಡಿದು ಸುಳ್ಳ ಹೇಳಿದ್ರಿ...”

“ಇಲ್ಲ ಯವ್ವಾ. ಶಿವನಾಣಿ ಇಲ್ಲ. ಖರೇನ ಅವನ ಮಾರಿ ನೋಡಿದ್ದಿಲ್ಲ. ಕೊಳವಿ ನಂದ, ಪೈಪ ನನ್ನ ಹತ್ರ ಇಲ್ಲ. ಎದಿಗೆ ಚಲೋ ಅಲ್ಲ, ಬಿಡ್ರಿ ಅಂದ್ರು ದವಾಖಾನ್ಯಾಗ. ಮನ್ಯಾಗ ಇದ್ರ ಮತ್ತ ಕೈ ಹೊಕ್ಕೈತಿ ಅಂತ ಉಗಾದಿ ಹೊತ್ತಿಗೆ ಕೊಟ್ಟಬಿಟ್ಟೆ.”

“ಯಾರಿಗೆ ಕೊಟ್ರಿ?”

ಅವರು ಮುಚ್ಚಿದ ಬಾಗಿಲ ಕಡೆ ನೋಡಿದರು. ಅಲ್ಲಿಂದ ಅವಳ ಕಡೆ.

“ನಿನಗ ಹೇಳಿಲ್ಲೇನು ಅಂವಾ?”

“ಯಾರಿಗ್ರೀ, ಕಾಕಾ?”

“ಗುರುಪಾದಗ.”

ಸುಧಾರಾಣಿ ಕಾಳಿನ ಚೀಲದ ಮೇಲೆ ಕುಸಿದಳು.

ಅಪ್ಪನಿಗೆ ಮಣ್ಣು ಕೊಟ್ಟ ಮರುದಿನ. ಮಗ್ಗದ ಕೋಣೆ. ಗುರುಪಾದ ಹಿಂದೆ ಬಂದು ನಿಂತು, ‘ಗಟ್ಟಿ ರೇಷ್ಮಿ ಎಳಿ ಒಂದೀಟ ಕೊಡು, ಏನೋ ಸುತ್ತೂದೈತಿ’ ಎಂದಿದ್ದ. ಮಗ್ಗದ ಹಾಸಿನಲ್ಲಿ ಉಳಿದ ಕರಿಯ ಎಳೆಯನ್ನು ತಾನೇ, ತನ್ನ ಕೈಯಾರೆ ಕತ್ತರಿಸಿ ಕೊಟ್ಟಿದ್ದಳು. ಏನು ಸುತ್ತುವುದೆಂದು ಕೇಳಿರಲಿಲ್ಲ. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿದ್ದವು.

ಕಾರಿನಲ್ಲಿ ಆಗಾಗ ಬರುತ್ತಿದ್ದ ತಂಬಾಕಿನ ವಾಸನೆ. ಅಪ್ಪನ ಕಂಬಳಿ ಹಿಂದಿನ ಸೀಟಿನಲ್ಲಿದೆ, ಅದರ ವಾಸನೆ ಎಂದುಕೊಂಡು ಮುಖ ಒತ್ತಿ ಅತ್ತಿದ್ದಳು. ಅಪ್ಪ ಸತ್ತ ದಿನ ಸೀರೆ ಮಾರಲು ಬಾಗಲಕೋಟೆಯಲ್ಲಿದ್ದೆ ಎಂದು ಗುರುಪಾದ ಪೊಲೀಸರಿಗೆ ಹೇಳಿದ್ದ. ಹೌದೆಂದು ಅವಳೂ ಹೇಳಿದ್ದಳು.

“ಇಲ್ರಿ,” ಎಂದಳು ಅವಳು. ಯಾರಿಗೆ ಹೇಳಿದಳೋ. “ಇಲ್ರಿ, ಅವರು ಅಂಥಾವ್ರಲ್ಲ.”

“ನಾನೂ ಹಿಂಗ ಅಂದಿದ್ದೆ ನಿಮ್ಮಪ್ಪಗ.” ಮುದುಕನ ಕಣ್ಣಲ್ಲಿ ನೀರಿತ್ತು. “ನಮ್ಮ ಜಗಳ ಯಾತಕ್ಕ ಆಗಿದ್ದು ಅಂತ ತಿಳಿದೀದಿ? ಅವನ ಸಂಬಂಧನ. ಹಣಮಾ ಬಂದು ಇಲ್ಲೇ ನಿಂತು, ‘ನೀ ಹುಡುಕಿದ ವರ ನನ್ನ ಮಗಳ ಕೊರಳಿಗೆ ಉರಲ ಆಗ್ಯಾನ’ ಅಂದ. ಏನ ಮಾಡ್ಯಾನ ಹೇಳು ಅಂದೆ. ‘ಹೇಳಿದ್ರ ನನ್ನ ಸುಧಾ ಬದುಕೂದಿಲ್ಲ’ ಅಂದ. ನಾ ನಂಬಲಿಲ್ಲ. ನನ್ನ ಅಂಗಡ್ಯಾಗ ಬೆಳೆದ ಹುಡುಗ, ಅವನ ಬಗ್ಗೆ ಬಾಯಿಗೆ ಬಂದಂಗ ಆಡಬ್ಯಾಡ ಅಂತ ನಾನ ಹಣಮನ್ನ ಹೊರಗ ಹಾಕಿದೆ. ನಾನ.”

ಬಾಗಿಲು ತೆರೆಯಿತು. ಸುಧಾರಾಣಿ ಬೆಚ್ಚಿ ಹಿಂದೆ ಸರಿದಳು. ಶೇಖವ್ವ ಕಪ್ಪುಗಳ ತಟ್ಟೆ ಹಿಡಿದು ನಿಂತಿದ್ದರು. ಕೋಣೆಯ ತುಂಬ ನೋಡಿದರು.

“ಇದೇನ ಕತ್ತಲದಾಗ ಕುಂತೀರಿ? ಗುರುಪಾದ ಎಲ್ಲಿ? ಅವನಿಗೂ ಚಾ ತಂದೀನಲ್ಲ.”

“ಅಂವ ಹೊರಗ ಅದಾನ,” ಎಂದರು ಗುರುಸಂಗಪ್ಪ.

“ಎಲ್ಲಿ ಹೊರಗ? ಇಷ್ಟೊತ್ತನ ಈ ಬಾಗಲಕ್ಕ ಕಿವಿ ಹಚ್ಚಿ ನಿಂತಿದ್ನಲ್ಲ! ಒಳಗ ಹೋಗೋ ಅಂದೆ. ಬಾಯಿ ಮ್ಯಾಲೆ ಬೆರಳ ಇಟ್ಟು ಸುಮ್ಮನಿರು ಅಂತ ಸನ್ನಿ ಮಾಡಿದ. ಏನೋ ಚಾಷ್ಟಿ ಮಾಡಾಕತ್ತಾನ ಅಂದ್ಕೊಂಡ ನಾನೂ ನಕ್ಕ ಹ್ವಾದೆ.”

ಸುಧಾರಾಣಿ ಓಡಿದಳು. ಅವಳ ಮೈ ತಾಗಿ ತಟ್ಟೆ ವಾಲಿತು. ಕಪ್ಪು ಬಿದ್ದ ಸದ್ದು ಹಿಂದಿನಿಂದ ಕೇಳಿತು. ಪಡಸಾಲೆ, ಅಂಗಳ, ದೊಡ್ಡ ಬಾಗಿಲು.

ಓಣಿಯಲ್ಲಿ ಲಾರಿಗಳಿದ್ದವು. ಚೀಲ ಹೊರುವವರಿದ್ದರು. ಕಾರು ನಿಂತಿದ್ದ ಜಾಗದಲ್ಲಿ ಹೆಸರಿನ ಹೊಟ್ಟಿನ ಮೇಲೆ ಗಾಲಿಯ ಗುರುತು ಮಾತ್ರ ಇತ್ತು.

“ಇಲ್ಲೊಂದ ಕಾರ ಇತ್ತಲ್ರಿ? ಒಳಗ ಕೂಸ ಮಲಗಿತ್ತು...”

“ಈಗ ಹೋತಲ್ಲಬೇ,” ಎಂದ ಹಮಾಲನೊಬ್ಬ. “ಭಾಳ ಜೋರ ಹೋತು.”

ಅವಳು ಫೋನು ತೆಗೆದು ಗುರುಪಾದನ ನಂಬರು ಒತ್ತಿದಳು. ಗಂಟೆ ಹೊಡೆಯಿತು. ಹೊಡೆಯುತ್ತಲೇ ಇತ್ತು. ಎತ್ರಿ, ಎತ್ರಿ. ಎತ್ತಿದ.

“ರೀ...” ದನಿ ಎಂದಿನಂತೆ ಇರಲಿ ಎಂದು ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಂಡಿದಳು. “ಎಲ್ಲಿ ಹ್ವಾದ್ರಿ? ಚಾ ಆಗೇತಿ, ಬರ್ರಿ.”

“ಚಿನ್ನು ಎದ್ಲು. ಹಟಾ ಮಾಡಿದ್ಲು. ಗಜೇಂದ್ರಗಡದ ಕಡೆ ಹೊಂಟೇವಿ.” ಅದೇ ಮೆತ್ತನೆಯ ದನಿ, ನೀರಿನ ಬಾಟಲಿ ಚಾಚಿದಾಗಿನದೇ ದನಿ. “ನೀ ಬಸ್ಸಿಗೆ ಬಾ. ಒಬ್ಬಾಕಿನ ಬಾ, ಸುಧಾ. ಯಾರಿಗೂ ಫೋನ್ ಮಾಡಬ್ಯಾಡ. ಪೈಪ ತಗೊಂಡ ಬಾ.”

“ತರ್ತೇನ್ರಿ. ನೀವ ಹೇಳಿದಂಗ ಮಾಡ್ತೇನಿ. ಚಿನ್ನುಗ ಕೊಡ್ರಿ ಫೋನು. ಒಂದ ಮಾತು, ಒಂದ ಮಾತ ಅಷ್ಟ.”

ಆ ಕಡೆ ಗಾಳಿ ಹೊಡೆಯುವ ಸದ್ದು. ಕಾರಿನ ಕಿಟಕಿ ಇಳಿಸಿದ್ದಾನೆ. ಹಿಂದೆ ಯಾರೋ ಹಾರ್ನು ಒತ್ತಿದರು. ಆಮೇಲೆ ನಿದ್ದೆಗಣ್ಣಿನ, ಖುಷಿಯ ದನಿಯೊಂದು ಅವಳ ಕಿವಿಗೆ ಬಿತ್ತು.

“ಅವ್ವಾ, ನಾವು ಗುಡ್ಡಕ್ಕ ಹೊಂಟೇವಿ. ಅಜ್ಜ ಬಿದ್ದ ಜಾಗಾ ಪಪ್ಪಾಗ ಗೊತ್ತೈತಂತ. ನನಗೂ ತೋರಸ್ತಾನಂತ.”